ದಾರ ಕಟ್ಟಿದ ಪಾಠಗಳು

ನಮ್ಮ ಓಣಿಯಿಂದ, ಹಿರೇಕೆರೂರು ತಾಲ್ಲೂಕು
೧೭ ನವೆಂಬರ್ ೨೦೨೪, ರವಿವಾರ

ಪ್ರೀತಿಯ ರವಿ ಅಣ್ಣನಿಗೆ ಸುಜಾತಾಳ ಜೈಭೀಮ.

ನಿನ್ನ ಬಲಗೈಯ ಗಾಯ ಮಾಯಿತೇ? ಬಲೆಯ ಹಗ್ಗ ಉಜ್ಜಿ ಆದ ಗಾಯಕ್ಕೆ ಸಮುದ್ರದ ನೀರೇ ಔಷಧಿ ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ಅವ್ವ ನಂಬಿಲ್ಲ. ಅರಿಷಿಣ ಹಚ್ಚಿ ಬಟ್ಟೆ ಕಟ್ಟಿಕೊಳ್ಳಲು ಮೊದಲು ಬರೆ, ಆಮೇಲೆ ನಿನ್ನ ಪುರಾಣ ಬರೆ ಎಂದಿದ್ದಾಳೆ. ಬರೆದಿದ್ದೇನೆ. ಇಲ್ಲಿ ಚಳಿ ಬಿದ್ದಿದೆ, ಅವ್ವನ ಮೊಣಕಾಲು ನೋವು ಹಾಗೆಯೇ ಇದೆ. ನೀಲಾಂಬಿಕಾಳಿಗೆ ಹೋದ ವಾರ ನೆಗಡಿಯಾಗಿತ್ತು, ಈಗ ಇಲ್ಲ. ಬಿದ್ದಿದ್ದ ಕೋರೆಹಲ್ಲು ಹುಟ್ಟುತ್ತಿದೆ. ‘ಅಪ್ಪಗ ಹೇಳು’ ಎಂದು ದಿನಕ್ಕೆರಡು ಸಲ ಬಾಯಿ ತೆರೆದು ತೋರಿಸುತ್ತಾಳೆ. ಫೋನಿರುವಾಗ ಪತ್ರ ಏಕೆ ಎಂದು ನೀನು ನಗಬಹುದು. ಬೋಟು ಮಲ್ಪೆಗೆ ಬಂದ ದಿನ ಮಾತ್ರ ನಿನ್ನ ಫೋನು ಹತ್ತುತ್ತದೆ. ನಮ್ಮ ಫೋನು ಸ್ಪೀಕರಿನಲ್ಲಿಟ್ಟರೆ ಮಾತ್ರ ಕೇಳಿಸುತ್ತದೆ, ಸ್ಪೀಕರಿನಲ್ಲಿಟ್ಟರೆ ಓಣಿಗೆಲ್ಲ ಕೇಳಿಸುತ್ತದೆ. ನೀನು ಮೂರು ಮಾತಿಗೆ ‘ಆತು, ಇಡ್ತೇನಿ’ ಎನ್ನುತ್ತೀಯ, ನಾನು ಮೂರನೆಯ ಮಾತಿಗೆ ಭಾಷಣ ಶುರುಮಾಡುತ್ತೇನೆ. ಆದ್ದರಿಂದ ಬೋಟಿನ ಮಾಲೀಕರ ಆಫೀಸಿನ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ; ನಿರ್ಧಾರ ನಿನ್ನದು.

ದೀಪಾವಳಿ ಮುಗಿದ ವಾರ ನೀಲಾಳ ಪ್ರಗತಿಪತ್ರ ಬಂತು. ಅದರ ಫೋಟೋ ತೆಗೆದು ನಿನಗೆ ಕಳಿಸಿದವಳು ನಾನೇ. ಐದನೆಯ ಇಯತ್ತೆಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಲ್ಲ ವಿಷಯಗಳಲ್ಲೂ ಕಡಿಮೆ. ಕೆಳಗೆ ಹಾಲೇಶ ಗುರುಗಳ ಅಕ್ಷರದಲ್ಲಿ ಒಂದು ಸಾಲು: ‘ಮನೆಯಲ್ಲಿ ಮಗುವಿನ ಪಾಠ ನೋಡುವವರಿಲ್ಲ.’ ನೀನು ಅದೇ ಸಂಜೆ ಬಂದರಿನಿಂದ ಫೋನು ಮಾಡಿದೆ. ‘ಮನ್ಯಾಗ ನೋಡಾವ್ರ ಇಲ್ಲಂದ್ರ ಕೂಸಿನ್ನ ಅಲ್ಲಿ ಇಟ್ಟು ಏನ ಮಾಡೂದು? ಹಾನಗಲ್ಲಿನಾಗ ಹಾಸ್ಟೆಲ್ ಇರೂ ಸಾಲಿಗೆ ಮಾತಾಡೇನಿ. ಟೀಸಿ ತಗದಿಡು’ ಎಂದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಆಮೇಲೆ ಮತ್ತೆ ಬಡಿದಳು, ಆ ರೊಟ್ಟಿ ಹರಿಯಿತು. ಅತ್ತಿಗೆ ತೀರಿಕೊಂಡಂದಿನಿಂದ ನಾಲ್ಕು ವರ್ಷ ಅವಳ ಮಗ್ಗುಲಲ್ಲೇ ಮಲಗಿದ ಕೂಸು ಅದು. ಮರುದಿನದಿಂದ ನೀಲಾಳ ಪುಸ್ತಕಗಳನ್ನು ಮುಟ್ಟುವುದನ್ನು ಬಿಟ್ಟಳು. ಅದುವರೆಗೆ ಅವಳು ಮುಟ್ಟುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ.

ಒಂದೇ ಮನೆಯಲ್ಲಿದ್ದು ಗೊತ್ತಿರಲಿಲ್ಲವೇ ಎಂದು ಕೇಳಬೇಡ. ಜೂನಿನಿಂದ ನಾನು ಮನೆಯಲ್ಲಿದ್ದದ್ದು ಶನಿವಾರ, ರವಿವಾರ ಮಾತ್ರ. ನಮ್ಮ ಸಂಘಟನೆಯವರು ಹಾನಗಲ್ಲು, ಶಿಗ್ಗಾಂವಿ, ಸವಣೂರು ಮತ್ತು ನಮ್ಮ ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಶಾಲೆಗೂ ಮನೆಗೂ ಇರುವ ಸಂಬಂಧದ ಸಮೀಕ್ಷೆ ಮಾಡುತ್ತಿದ್ದಾರೆ, ನಾನು ಅದರಲ್ಲಿದ್ದೇನೆ. ‘ಪಾಲಕರು ಎದ್ದರೆ ಶಾಲೆ ಏಳುತ್ತದೆ’ ಎಂಬ ಎಂಟು ಪುಟದ ಕಿರುಹೊತ್ತಿಗೆಯನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಅದರ ಪಿನ್ನು ಉದುರಿದೆ. ಸಮೀಕ್ಷೆಯ ಹಾಳೆಯಲ್ಲಿ ಎಂಟು ಪ್ರಶ್ನೆ. ಪಾಲಕರು ಸಭೆಗೆ ಹೋಗುತ್ತಾರೆಯೇ, ಮನೆಗೆಲಸದ ವಹಿ ನೋಡುತ್ತಾರೆಯೇ, ಪಾಠ ಓದಿಸುತ್ತಾರೆಯೇ, ಹೀಗೆ. ಹೌದು ಎಂದರೆ ಒಂದು, ಇಲ್ಲ ಎಂದರೆ ಶೂನ್ಯ. ಶಿಗ್ಗಾಂವಿ ತಾಲ್ಲೂಕಿನ ತಡಸದ ಹತ್ತಿರ ಒಬ್ಬ ತಂದೆಗೆ ಎಂಟಕ್ಕೆ ಎಂಟು ಬಂತು. ಮಗನನ್ನು ಕರೆದು ಓದಿಸಿದೆ. ಹುಡುಗ ಪುಸ್ತಕವನ್ನು ತಲೆಕೆಳಗಾಗಿ ಹಿಡಿದೇ ಇಡೀ ಪುಟ ಒಪ್ಪಿಸಿದ. ತಂದೆ ನನ್ನನ್ನು ಹೆಮ್ಮೆಯಿಂದ ನೋಡಿದ, ನಾನು ಹಾಳೆಯನ್ನು ನೋಡಿದೆ, ಅದರಲ್ಲಿ ತಪ್ಪಿರಲಿಲ್ಲ. ಸವಣೂರಿನಲ್ಲಿ ಗೌಸಬಿ ಎಂಬಾಕೆ ಮಗಳು ಸಾಯಿಮಾಳನ್ನು ಶಾಲೆಗೆ ಬಿಟ್ಟು, ಗೇಟಿನ ಎದುರಿಗೇ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ‘ಒಳಗ ಏನ ಕಲಸ್ತಾರ ನನಗ ತಿಳೀಯಂಗಿಲ್ರಿ ಬಾಯಾರ. ಮಾಸ್ತರು ಎಷ್ಟೊತ್ತಿಗೆ ಬಂದ್ರು, ಎಷ್ಟೊತ್ತಿಗೆ ಹ್ವಾದ್ರು ಅನ್ನೂದು ಮಾತ್ರ ತಿಳೀತೈತಿ’ ಎಂದಳು. ಆ ಶಾಲೆಯ ಮಾಸ್ತರರು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಎಲೆ ಮಾರುತ್ತ ಗೇಟು ಕಾಯುವುದಕ್ಕೆ ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ. ಗೌಸಬಿಗೆ ಶೂನ್ಯ ಹಾಕಿ ಮುಂದಿನ ಮನೆಗೆ ಹೋದೆ.

ಊರಲ್ಲಿ ನಾನು ಮಾಡಿದ್ದು ಇನ್ನೊಂದಿದೆ. ಹಾಲೇಶ ಗುರುಗಳನ್ನು ಒಪ್ಪಿಸಿ ತಿಂಗಳಿಗೊಂದು ಪಾಲಕರ ಸಭೆ ಇಡಿಸಿದೆ. ಅವರು ಕೆಟ್ಟ ಶಿಕ್ಷಕರಲ್ಲ. ಐದು ಇಯತ್ತೆಗೆ ಅವರೊಬ್ಬರು, ಜೊತೆಗೆ ವಾರದಲ್ಲಿ ಮೂರು ದಿನ ಬರುವ ಅತಿಥಿ ಶಿಕ್ಷಕಿ. ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮತದಾರರ ಪಟ್ಟಿ ಎಲ್ಲ ಅವರ ತಲೆಯ ಮೇಲೆಯೇ. ಒಂದನೆಯವರಿಗೆ ಅಕ್ಷರ ತಿದ್ದಿಸುವಾಗ ಐದನೆಯವರು ಗೋಡೆ ನೋಡುತ್ತಾರೆ. ಇದನ್ನು ನಾನು ಬಿಇಓ ಆಫೀಸಿಗೆ ಎರಡು ಸಲ ಬರೆದುಕೊಟ್ಟಿದ್ದೇನೆ, ಇನ್ನೂ ಬರೆಯುತ್ತೇನೆ, ಅವರಿಗೆ ಬೇಸರವಾಗುವವರೆಗೂ ಬರೆಯುತ್ತೇನೆ. ಆದರೆ ಸಭೆಯ ವಿಷಯಕ್ಕೆ ಬರುತ್ತೇನೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಆಗಸ್ಟಿನಲ್ಲಿ ಆರು ಜನ ಬಂದರು, ಸೆಪ್ಟೆಂಬರಿನಲ್ಲಿ ನಾಲ್ಕು. ನನಗೆ ಸಿಟ್ಟು ಬಂತು. ಬಾರದವರ ಹೆಸರುಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಶಾಲೆಯ ಬಾಗಿಲ ಪಕ್ಕ ಅಂಟಿಸಿದೆ. ಪಕ್ಷಪಾತ ಎನ್ನಬಾರದೆಂದು ಮೊದಲ ಹೆಸರು ಅವ್ವನದೇ ಬರೆದೆ: ಗುತ್ತೆವ್ವ.

ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಓಣಿಗೆ ಬಾಯಿ ಇದೆ. ಸಂಜೆ ಬುತ್ತಿ ಗಂಟು ಇಳಿಸುತ್ತ, ‘ನನ್ನ ಹೆಸರ ಗ್ವಾಡಿಗೆ ಬರದೀಯಂತ. ತಪ್ಪಿಲ್ಲದಂಗ ಬರದೀ ಇಲ್ಲೋ?’ ಎಂದು ಕೇಳಿದಳು. ಬರೆದಿದ್ದೇನೆ ಎಂದೆ. ‘ಹಂಗಾದ್ರ ಸಾಲಿ ಕಲಿಸಿದ್ದು ದಂಡ ಆಗಲಿಲ್ಲ ಬಿಡು’ ಎಂದು ಕೈಕಾಲು ತೊಳೆಯಲು ಹೋದಳು. ಅವಳು ಕೆಲಸಕ್ಕೆ ಹೋಗುವ ಹೊಲದ ಮಾಲೀಕರು, ನಿನಗೆ ಗೊತ್ತಲ್ಲ, ಮಹಾಲಿಂಗಪ್ಪನವರು, ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ, ‘ಏನವಾ ಸುಜಾತಾ, ಹೆತ್ತವ್ವನ್ನ ಗ್ವಾಡಿಗೆ ಏರಿಸಿದಿ, ಇನ್ನ ಪೇಪರಿಗೆ ಯಾವಾಗ?’ ಎಂದರು. ಅವರ ಮೊಮ್ಮಗ ಚನ್ನೇಶನ ಶಾಲೆ ಹಿರೇಕೆರೂರಿನಲ್ಲಿ, ವ್ಯಾನಿನಲ್ಲಿ ಹೋಗುತ್ತಾನೆ, ಇವರು ಅಲ್ಲಿನ ಸಭೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ತಪ್ಪದೆ ಹೋಗುತ್ತಾರೆ. ‘ನಿಮ್ಮ ಹೊಲದಾಗ ಅವ್ವನ್ನ ಬಿಟ್ರ ಬರ್ತಾಳ್ರಿ’ ಎಂದೆ. ‘ನಾ ಬಿಡ್ತೇನಿ, ಹೂವು ಬಿಡಬೇಕಲ್ಲ!’ ಎಂದು ನಕ್ಕರು. ಅಂದು ಅದನ್ನು ಕೊಬ್ಬಿನ ಮಾತು ಎಂದುಕೊಂಡೆ. ನಿಜವಾಗಿ ಅದು ಬರೀ ಸತ್ಯವಾಗಿತ್ತು.

ನೀನು ಹತ್ತಿಯ ಕ್ರಾಸಿಂಗ್ ಕೆಲಸ ಮರೆತಿರಬಹುದು, ಹದಿನೈದು ವರ್ಷದಿಂದ ಮೀನಿನ ನಡುವೆ ಇದ್ದೀಯ. ಬೀಜದ ಹತ್ತಿಯ ಮೊಗ್ಗನ್ನು ಸಂಜೆ ಬಿಡಿಸಿ ಗಂಡು ಕೇಸರ ಕಿತ್ತಿಟ್ಟು, ಮರುದಿನ ಬೆಳಿಗ್ಗೆ ಅದು ಅರಳಿದಾಗ ಬೇರೆ ತಳಿಯ ಹೂವಿನ ಪುಡಿ ತಾಗಿಸಬೇಕು. ಒಂಬತ್ತರಿಂದ ಹನ್ನೊಂದರೊಳಗೆ ಮುಗಿಯಬೇಕು, ಆಮೇಲೆ ಹೂವು ಬಾಡುತ್ತದೆ, ಹಿಂದಿನ ಸಂಜೆಯ ಕೆಲಸವೆಲ್ಲ ಹಾಳು. ಪುಡಿ ತಾಗಿಸಿದ ಹೂವಿನ ತೊಟ್ಟಿಗೆ ಒಂದು ಕೆಂಪು ದಾರ ಕಟ್ಟುತ್ತಾರೆ. ದಾರ ಕಂಡರೆ ಅದರ ಕೆಲಸ ಮುಗಿಯಿತು ಎಂದರ್ಥ. ಮತ್ತೆ ಕೈ ಹಚ್ಚಿದರೆ ಕಾಯಿ ಉದುರುತ್ತದೆ. ನಮ್ಮೂರಿನ ಅರ್ಧ ಹೆಂಗಸರು ಆಗಸ್ಟಿನಿಂದ ಈ ಕೆಲಸದಲ್ಲಿದ್ದಾರೆ. ಅವರಿಗೆ ನಾನು ಹತ್ತು ಗಂಟೆಗೆ ಸಭೆ ಇಟ್ಟೆ. ಕಿರುಹೊತ್ತಿಗೆಯಲ್ಲಿ ‘ಪಾಲಕರಿಗೆ ಅನುಕೂಲವಾದ ಸಮಯದಲ್ಲಿ’ ಎಂದು ಮೂರನೆಯ ಪುಟದಲ್ಲಿಯೇ ಇದೆ. ಅದನ್ನು ಕೆಂಪು ಮಸಿಯಲ್ಲಿ ಗೆರೆ ಎಳೆದು ಗುರುತು ಮಾಡಿದವಳೂ ನಾನೇ. ಅವ್ವನನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದಳು. ಪ್ರಗತಿಪತ್ರದ ಗಲಾಟೆಯಾದ ಮೇಲೆ, ಒಂದೇ ಒಂದು ಸಲ, ಹೇಳಿದಳು ಕೂಡ: ‘ಹೂವಿಗೆ ನಿಮ್ಮ ಸಭಾ ಗೊತ್ತಿಲ್ಲ ತಂಗೀ.’ ನಾನು ಅದನ್ನೇ ಹಾಲೇಶ ಗುರುಗಳಿಗೆ ಹೇಳಿದೆ. ಅವರು, ‘ಹಂಗಾರ ನಾವ ಹೊಲಕ್ಕ ಹೋಗೂಣು’ ಎಂದರು.

ನಿನ್ನೆ ಶನಿವಾರ. ಬೆಳಗಿನ ಶಾಲೆ ಬಿಟ್ಟ ಮೇಲೆ ಗುರುಗಳು, ನಾನು, ಹನ್ನೆರಡು ಮಕ್ಕಳು ಮಹಾಲಿಂಗಪ್ಪನವರ ಹೊಲದ ಬದುವಿಗೆ ಹೋದೆವು. ಹೂವಿನ ಕೆಲಸ ಮುಗಿಸಿ ಹೆಂಗಸರು ಬುತ್ತಿ ಬಿಚ್ಚಿ ಬೇವಿನ ಗಿಡದ ಕೆಳಗೆ ಕೂತಿದ್ದರು. ‘ಬರ್ರಿ ಸರ, ಕುಂಡ್ರ್ರಿ, ರೊಟ್ಟಿ ತಿಂದು ಬೈಯ್ರಿ’ ಎಂದು ಒಬ್ಬಳು ಕರೆದಳು. ಗುರುಗಳು ಕೂತರು, ರೊಟ್ಟಿ ತಿಂದರು, ಆಮೇಲೆ ಚೀಲದಿಂದ ಉತ್ತರಪತ್ರಿಕೆಗಳನ್ನು ತೆಗೆದರು. ನೀಲಾಳದು ಬಂದಾಗ ಅದನ್ನು ಎರಡು ಸಲ ತಿರುವಿ, ‘ಗುತ್ತೆವ್ವಾ, ಈ ಕೂಸಿಂದ ನನಗ ತಿಳೀವಲ್ದು. ಕನ್ನಡದಾಗ ಮೊದಲಿನ ಏಳು ಪಾಠದ್ದು ಪೂರ್ತಿ ಖಾಲಿ ಬಿಟ್ಟೈತಿ. ಕಡೇ ಮೂರು ಪಾಠದ್ದು ಒಂದೂ ತಪ್ಪಿಲ್ಲ. ಎಲ್ಲಾ ವಿಷಯದಾಗೂ ಹಿಂಗ’ ಎಂದರು. ನೀಲಾ ತಲೆ ತಗ್ಗಿಸಿ ಹುಲ್ಲು ಕಿತ್ತಳು. ಅವ್ವ ಮಾತ್ರ ತಗ್ಗಿಸಲಿಲ್ಲ. ‘ಖಾಲಿ ಯಾಕ ಇರಂಗಿಲ್ರಿ ಸರ? ಅವು ಮುಗದಾವಲ್ಲ’ ಎಂದಳು. ಮುಗಿದಿವೆ ಎಂದರೇನು ಎಂದು ಗುರುಗಳು ಕೇಳಿದರು. ಅವ್ವ ನೀಲಾಳ ಚೀಲಕ್ಕೆ ಕೈ ಹಾಕಿ ಕನ್ನಡ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟಳು. ಓದಿ ಮುಗಿದ ಒಂದೊಂದು ಪಾಠದ ಹಾಳೆಗಳನ್ನೂ ಸೇರಿಸಿ, ಮೂಲೆಯಲ್ಲಿ ಸೂಜಿ ಚುಚ್ಚಿ, ಕ್ರಾಸಿಂಗಿನ ಕೆಂಪು ದಾರದಿಂದ ಕಟ್ಟಿತ್ತು. ಏಳು ಗಂಟು. ಎಂಟನೆಯದರಿಂದ ಮುಂದೆ ತೆರೆದಿತ್ತು, ಪರೀಕ್ಷೆಯ ಹೊತ್ತಿಗೆ ಆ ಪಾಠಗಳ ಓದು ಇನ್ನೂ ನಡೆದಿತ್ತು, ದಾರಕ್ಕೆ ಬಂದಿರಲಿಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ, ನಾನು ಮನೆಯಲ್ಲಿಲ್ಲದ ಐದೂ ಸಂಜೆ, ಅವ್ವ ಒಲೆಯ ಮುಂದೆ ಕೂತು ನೀಲಾಳಿಂದ ಗಟ್ಟಿಯಾಗಿ ಓದಿಸುತ್ತಿದ್ದಳು. ಪಾಠ ಮುಗಿದರೆ ಗಂಟು. ಗಂಟು ಬಿದ್ದ ಪಾಠವನ್ನು ಮತ್ತೆ ತೆರೆಯಬಾರದು. ತೆರೆದರೆ ಬೈಗುಳ. ನೀಲಾ ಆಯಿಯ ಮಾತು ಮೀರುವ ಕೂಸಲ್ಲ, ಶಾಲೆಯಲ್ಲಿಯೂ ತೆರೆಯಲಿಲ್ಲ. ಗುರುಗಳು ನಾಲ್ಕು ತಿಂಗಳು ಅವಳ ವಹಿಗೆ ಸಹಿ ಹಾಕಿದ್ದಾರೆ, ಪುಸ್ತಕವನ್ನು ಒಂದು ಸಲವೂ ಕೈಗೆ ತೆಗೆದುಕೊಂಡಿಲ್ಲ. ‘ನಾ ವಹೀ ನೋಡ್ತೇನಿ, ಪುಸ್ತಕ ನೋಡೂದ ಇಲ್ಲ’ ಎಂದು ಅವರೇ ಹೇಳಿದರು. ನಾನು ಪ್ರತಿ ಶನಿವಾರ ಮನೆಗೆ ಬಂದು ಅದೇ ಪುಸ್ತಕದ ಪಕ್ಕದಲ್ಲಿ ಕೂತು ಬೇರೆ ಮನೆಗಳ ಹಾಳೆಗಳನ್ನು ಕೂಡಿಸಿದ್ದೇನೆ.

ಹೀಗೇಕೆ ಮಾಡಿದಿ ಎಂದು ಗುರುಗಳು ಕೇಳಿದಾಗ ಅವ್ವ ಹೇಳಿದ್ದು ನಿನ್ನ ಕಥೆ. ನಿನಗೆ ನೆನಪಿದೆಯೇ? ಏಳನೆಯ ಇಯತ್ತೆಯಲ್ಲಿ ದಿನಾ ಸಂಜೆ ಇಂಗ್ಲಿಷ್ ಪುಸ್ತಕ ಹಿಡಿದು ಓದುತ್ತಿದ್ದೆ. ಅವ್ವ ಮೆಚ್ಚಿ ನಿನಗೊಂದು ರೊಟ್ಟಿ ಹೆಚ್ಚು ಹಾಕುತ್ತಿದ್ದಳು. ವರ್ಷವೆಲ್ಲ ಓದಿದ್ದು ಒಂದೇ ಪುಟ. ‘ನನಗ ಇಂಗ್ಲೀಷ ಬರಂಗಿಲ್ಲ ಅಂತ ಅಂವ ಒಂದ ಹಾಳಿ ತಿರಗಾ ಮುರಗಾ ಓದಿ ನನ್ನ ಕುರುಡಿ ಮಾಡಿದ್ನಿರಿ. ನಾ ಏನು ಕಿವುಡೀನೂ ಹೌದೇನು? ದಿನಾ ಕೇಳಿ ಕೇಳಿ ಗೊತ್ತಾತು’ ಎಂದವಳು, ಅಣ್ಣಾ, ಆ ಬದುವಿನ ಮೇಲೆ, ಕೈಯಲ್ಲಿ ಅರ್ಧ ರೊಟ್ಟಿ ಹಿಡಿದು, ‘ಮೈ ವಿಲೇಜ್ ಈಸ್ ಎ ಸ್ಮಾಲ್ ವಿಲೇಜ್, ದೇರ್ ಈಸ್ ಎ ಟ್ಯಾಂಕ್ ನಿಯರ್ ಮೈ ವಿಲೇಜ್’ ಎಂದು ಶುರುಮಾಡಿ ಆ ಪುಟವನ್ನು ಕಡೆಯ ಸಾಲಿನವರೆಗೆ ಹೇಳಿದಳು. ಹೆಂಗಸರು ನಗುವುದನ್ನೂ ಮರೆತರು. ಮಕ್ಕಳು ಚಪ್ಪಾಳೆ ತಟ್ಟಿದರು. ‘ನನಗ ಬಂತು, ಅವಗ ಬರಲಿಲ್ಲ. ಹತ್ತನೇತ್ತಾಗ ಎರಡ ಸಲ ಅದ ಇಂಗ್ಲೀಷಿನಾಗ ಕುಂತಾ, ಮೂರನೇ ಸಲ ಮಲ್ಪೆ ಬಸ್ ಹತ್ತಿದಾ. ಈ ಕೂಸೂ ಹಂಗ ಮಾಡಬಾರದಂತ ದಾರಾ ಕಟ್ಟಿದೆ. ದಾರಾ ಬಿದ್ದದ್ದು ಮತ್ತ ಓದಂಗಿಲ್ಲ, ಮುಂದಿಂದ ಓದಬೇಕು’ ಎಂದಳು. ನಿನ್ನ ತಪ್ಪು ಎಂದು ಬರೆಯುತ್ತಿಲ್ಲ. ನಿನ್ನದು ಹನ್ನೆರಡು ವರ್ಷದ ಹುಡುಗನ ಚೇಷ್ಟೆ. ಆದರೆ ಅದು ಈ ಮನೆಯಲ್ಲೇ ಉಳಿದುಕೊಂಡು ನಿನ್ನ ಮಗಳ ಪುಸ್ತಕಕ್ಕೆ ಗಂಟು ಹಾಕಿತು.

ಹಾಲೇಶ ಗುರುಗಳು ನಗಲಿಲ್ಲ. ‘ಗುತ್ತೆವ್ವಾ, ಒಂದ ಹಾಳಿ ವರ್ಷಾನಗಟ್ಲೆ ಕೇಳಿದ್ದಕ್ಕ ನಿನಗ ಇವತ್ತಿಗೂ ಬಾಯಾಗೈತಲ್ಲ. ಈ ಕೂಸು ಒಂದ ಸಲ ಓದಿ ದಾರಾ ಕಟ್ಟಿದ್ರ ಹೆಂಗ ಉಳೀತೈತಿ?’ ಎಂದರು. ಅವ್ವ ರೊಟ್ಟಿ ಕೆಳಗಿಟ್ಟಳು. ಹೊಲದ ಕಡೆ ನೋಡಿದಳು. ಮೊದಲು ಹೂವು ಬಿಟ್ಟಿದ್ದ ಸಾಲುಗಳಲ್ಲಿ ಹತ್ತಿ ಒಡೆದಿತ್ತು, ಒಂದು ಸುತ್ತು ಬಿಡಿಸಿಯೂ ಆಗಿತ್ತು, ಎರಡನೆಯ ಸುತ್ತಿಗೆ ಮತ್ತೆ ಬೆಳ್ಳಗಾಗುತ್ತಿತ್ತು. ‘ಅಂದ್ರ ಇದು ಕ್ರಾಸಿಂಗ್ ಅಲ್ಲೇನ್ರಿ, ಹತ್ತಿ ಬಿಡಿಸೂದು. ಒಂದ ಸಲಕ್ಕ ಮುಗಿಯಂಗಿಲ್ಲ, ಮೂರು ನಾಕು ಸಲ ಅದ ಸಾಲಿನಾಗ ತಿರಗಬೇಕು. ಹೌದಿಲ್ಲೋ?’ ಹೌದು ಎಂದರು ಗುರುಗಳು. ಆಗ ಅವ್ವನಿಗೆ ನಿಜವಾಗಿ ಸಿಟ್ಟು ಬಂತು. ‘ಇಷ್ಟ ಮಾತು ಮೊದಲ ಹೇಳಾಕ ನಿಮಗೇನಾಗಿತ್ರಿ? ಓದಸ್ರಿ ಓದಸ್ರಿ ಅಂತೀರಿ, ಹೆಂಗ ಓದಸಬೇಕು ಅನ್ನೂದು ಯಾರೂ ಹೇಳಂಗಿಲ್ಲ. ಈಕಿ ನಮ್ಮಕಿ ಊರೂರ ತಿರಗಿ ಮಂದಿಗೆ ಹೇಳ್ತಾಳ, ನನಗ ಹೇಳಿಲ್ಲ. ಮ್ಯಾಲ ನೋಡಾವ್ರ ಇಲ್ಲ ಅಂತ ಬರದ್ರಿ. ಯಾರ ಹೇಳಿದ್ರು ನಿಮಗ, ನೋಡಾವ್ರ ಇಲ್ಲಂತ?’ ಗುರುಗಳು ಕೈಯಲ್ಲಿದ್ದ ಹಾಳೆಯನ್ನು ಮಡಚಿದರು, ಬಿಚ್ಚಿದರು. ‘ತಪ್ಪಾತು ಗುತ್ತೆವ್ವಾ’ ಎಂದಷ್ಟೇ ಹೇಳಿದರು.

ಅಲ್ಲಿಯೇ, ಮಹಾಲಿಂಗಪ್ಪನವರ ಹೊಲದಲ್ಲಿ, ಅವ್ವ ಹಲ್ಲಿನಿಂದ ಎಲ್ಲ ಪುಸ್ತಕಗಳ ಗಂಟುಗಳನ್ನೂ ಕಡಿದಳು. ಕನ್ನಡದ್ದು ಏಳು, ಗಣಿತದ್ದು ಐದು, ಪರಿಸರದ್ದು ಆರು. ದಾರಗಳನ್ನು ಬಿಸಾಡಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡಳು, ಸೋಮವಾರ ಹೂವಿಗೆ ಬೇಕಲ್ಲ. ನಿನ್ನೆ ಸಂಜೆಯಿಂದ ನೀಲಾ ಮೊದಲನೆಯ ಪಾಠಕ್ಕೆ ಮತ್ತೆ ಬಂದಿದ್ದಾಳೆ. ಇದು ‘ಎರಡನೇ ಬಿಡಸಾಣಿ’ ಎಂದು ಅವ್ವ ಹೇಳುತ್ತಾಳೆ. ಇವತ್ತು ಬೆಳಿಗ್ಗೆ ಮೊಮ್ಮಗಳನ್ನು ಕೂರಿಸಿಕೊಂಡು, ನೀನು ಓದುತ್ತಿದ್ದ ಆ ಇಂಗ್ಲಿಷ್ ಪುಟದ ಅರ್ಥ ಏನು ಎಂದು ಕೇಳಿದಳು. ಟ್ಯಾಂಕ್ ಎಂದರೆ ಕೆರೆ ಎಂದು ನೀಲಾ ಹೇಳಿದಾಗ, ‘ಇಷ್ಟೇನ? ನಾ ಏನೋ ದೊಡ್ಡದು ಅಂದಿದ್ದೆ’ ಎಂದಳು.

ಇನ್ನು ನಿನ್ನ ಹಾಸ್ಟೆಲಿನ ವಿಷಯ. ನಾನು ಬೇಡ ಎನ್ನುತ್ತೇನೆಂದು ನಿನಗೆ ಗೊತ್ತಿದೆ, ಆದ್ದರಿಂದ ನನ್ನ ಬೇಡಕ್ಕೆ ಬೆಲೆ ಇಲ್ಲ. ಸರ್ಕಾರಿ ಶಾಲೆ ಉಳಿಯಬೇಕು ಎಂಬುದು ನನ್ನ ಹಟ. ಆ ಹಟಕ್ಕೆ ನೀಲಾಳನ್ನು ಲೆಕ್ಕದ ತಲೆಯಾಗಿ ಹಿಡಿದುಕೊಂಡಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಸ್ವಲ್ಪ ಹೌದು. ನಾನು ಹಾನಗಲ್ಲಿನ ಆ ಶಾಲೆಯನ್ನು ಕಳೆದ ಬುಧವಾರ ಹೋಗಿ ನೋಡಿದೆ. ಕಟ್ಟಡ ಚೆನ್ನಾಗಿದೆ, ಒಂದೊಂದು ಇಯತ್ತೆಗೆ ಒಬ್ಬೊಬ್ಬ ಶಿಕ್ಷಕರಿದ್ದಾರೆ, ನಮ್ಮಲ್ಲಿ ಅದು ಇಲ್ಲ. ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಮಕ್ಕಳ ಓದು ಯಾರು ಕೇಳುತ್ತಾರೆ ಎಂದು ಕೇಳಿದೆ. ‘ವಾರ್ಡನ್ ಲೈಟ್ ಹಾಕ್ತಾರ’ ಎಂದರು. ಇಷ್ಟೇ ನಾನು ಕಂಡದ್ದು. ಹಾಲೇಶ ಗುರುಗಳು ಇನ್ನು ಮೇಲೆ ತಿಂಗಳಿಗೊಮ್ಮೆ ಹೊಲಕ್ಕೇ ಬರುತ್ತೇನೆ ಎಂದಿದ್ದಾರೆ. ಬರುತ್ತಾರೋ ಇಲ್ಲವೋ, ನಾನು ಅವರನ್ನು ಎಬ್ಬಿಸಿಕೊಂಡು ಹೋಗುತ್ತೇನೆ. ಗೋಡೆಯ ಹಾಳೆಯನ್ನು ಕಿತ್ತಿದ್ದೇನೆ. ಅಂಟು ಗಟ್ಟಿಯಾಗಿತ್ತು, ಅವ್ವನ ಹೆಸರಿನ ಸಾಲು ಮಾತ್ರ ಗೋಡೆಯಲ್ಲಿ ಉಳಿಯಿತು, ನೀರು ಹಚ್ಚಿ ಉಜ್ಜಿ ತೆಗೆದೆ. ಟೀಸಿ ಅರ್ಜಿ ಇದರ ಜೊತೆಗೇ ಇಟ್ಟಿದ್ದೇನೆ. ತಂದೆಯ ಸಹಿ ಬೇಕು. ತಿಂಗಳ ಕೊನೆಯೊಳಗೆ ಬಂದರೆ ಹಾನಗಲ್ಲಿನವರು ಎರಡನೆಯ ಅವಧಿಗೆ ಸೇರಿಸಿಕೊಳ್ಳುತ್ತಾರಂತೆ. ನೀಲಾಳನ್ನು ಕೇಳಿದೆ. ‘ಆಯಿ ಬಂದ್ರ ಹೋಗ್ತೇನಿ’ ಎಂದಳು. ಅವ್ವನನ್ನು ಕೇಳಿದೆ. ‘ಅಪ್ಪ ಅಂವ, ಅಂವ ಹೇಳ್ದಂಗ’ ಎಂದು ಹೇಳಿ, ಪಾಠ ಕಟ್ಟುತ್ತಿದ್ದ ಸೂಜಿಯನ್ನು ಸೂರಿನ ಗಳುವಿಗೆ ಚುಚ್ಚಿಟ್ಟ ಜಾಗದಿಂದ ತೆಗೆದು ಪೆಟ್ಟಿಗೆಯೊಳಗೆ ಇಟ್ಟಳು.

ಅವ್ವನ ಆಶೀರ್ವಾದ, ನೀಲಾಳ ಕೋರೆಹಲ್ಲಿನ ನಮಸ್ಕಾರ. ಗಾಯಕ್ಕೆ ಅರಿಷಿಣ ಹಚ್ಚುವುದನ್ನು ಮರೆಯಬೇಡ. ಬಲೆ ಎಳೆಯುವಾಗ ನಡುವಿಗೆ ಬೆಲ್ಟು ಕಟ್ಟಿಕೋ.

ನಿನ್ನ ತಂಗಿ,
ಸುಜಾತಾ

ತಾ.ಕ.: ಸೋಮವಾರ ಬೆಳಿಗ್ಗೆ. ಹಂಸಭಾವಿ ಬಸ್ಸಿನ ಹಾರ್ನ್ ಕೇಳಿಸುತ್ತಿದೆ, ಬೇಗ ಬರೆಯುತ್ತೇನೆ. ಪ್ರಗತಿಪತ್ರದ ಆ ಸಾಲಿನಲ್ಲಿ ಅಕ್ಷರ ಮಾತ್ರ ಗುರುಗಳದು, ಮಾತು ಅವರದಲ್ಲ. ಜುಲೈನಲ್ಲಿ ನಮ್ಮ ಎಂಟು ಪ್ರಶ್ನೆಯ ಹಾಳೆಗಳನ್ನು ನಾನು ಊರ ಶಾಲೆಗೂ ಕೊಟ್ಟಿದ್ದೆ, ನಮ್ಮ ಮನೆಯದನ್ನು ನಾನೇ ತುಂಬಿದೆ. ‘ಮನೆಯಲ್ಲಿ ಮಗುವಿನ ಪಾಠ ನೋಡುವವರಿದ್ದಾರೆಯೇ?’ ಎಂಬುದರ ಮುಂದೆ ‘ಇಲ್ಲ’ ಎಂದು ಬರೆದೆ. ಅವ್ವ ಅಲ್ಲಿಯೇ ಅಕ್ಕಿ ಆರಿಸುತ್ತಿದ್ದಳು, ಅವಳನ್ನು ಕೇಳಲಿಲ್ಲ. ಗುರುಗಳು ಅದನ್ನೇ ನೋಡಿ ಇಳಿಸಿಕೊಂಡರು. ಹೊಲದಲ್ಲಿ ಅವ್ವ ‘ಯಾರ ಹೇಳಿದ್ರು’ ಎಂದು ಕೇಳಿದಾಗ ಅವರು ನನ್ನ ಕಡೆ ನೋಡಲೂ ಇಲ್ಲ. ನೀನು ಸಹಿ ಮಾಡುವುದಾದರೆ ಮಾಡು, ಆದರೆ ಆ ಸಾಲಿಗಾಗಿ ಮಾಡಬೇಡ. ಅವ್ವನಿಗೆ ಇನ್ನೂ ಹೇಳಿಲ್ಲ. ಹಂಸಭಾವಿಯಲ್ಲಿ ಇದನ್ನು ಅಂಚೆ ಡಬ್ಬಿಗೆ ಹಾಕಿ, ಅದೇ ಬಸ್ಸಿಗೆ ಮರಳಿ ಬಂದು, ಹೊಲಕ್ಕೆ ಹೋಗಿ ಹೇಳುತ್ತೇನೆ. ಹನ್ನೊಂದರ ಮೇಲೆ.